ಬಿಲ್ಲಿನ ತುದಿಗೆ ಚೆನ್ನನ ಕೊಂಬು

ನನ್ನ ಗಂಡನಿಗೆ ಅಂಟಿಸಲಿಕ್ಕೆ ಬರುತ್ತಿರಲಿಲ್ಲ ಎಂದು ಹಿರಿಯಡ್ಕ ಪೇಟೆಯಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳಲಿ. ಊರವರ ಬಾಯಿಗೆ ಬೀಗ ಹಾಕಲಿಕ್ಕೆ ನನ್ನಿಂದಾಗುವುದಿಲ್ಲ. ಆದರೆ ಅಂಗಡಿ ಜಗಲಿಯಲ್ಲಿ ಕೂತು ಬೀಡಿ ಎಳೆಯುತ್ತಾ, "ಶೇಖರ ಜನ ಒಳ್ಳೆಯವ, ಕೆಲಸ ಮಾತ್ರ ಭದ್ರ ಇಲ್ಲ" ಎಂದು ತೀರ್ಪು ಕೊಡುವವರನ್ನು ಕಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆ ಮಹಾನುಭಾವರ ಮನೆಯ ಬಾಗಿಲುಗಳನ್ನು ಮಾಡಿಕೊಟ್ಟದ್ದೂ ಇದೇ ಶೇಖರ. ಒಂದು ಸಂದಾದರೂ ಬಿಟ್ಟಿದೆಯಾ, ಹೋಗಿ ನೋಡಿಕೊಳ್ಳಲಿ.

ಇವರ ಅಪ್ಪ ಬೈನೆ ಮರ ಹತ್ತಿ ಕಳ್ಳು ಇಳಿಸುತ್ತಿದ್ದವರು. ಇವರು ಮರ ಹತ್ತಲಿಲ್ಲ, ಮರ ಕೊಯ್ಯಲಿಕ್ಕೆ ಕಲಿತರು. ಮಗಳು ಮೋಕ್ಷಾ ಹುಟ್ಟಿದ ಮರುವರ್ಷ ಬಹ್ರೈನಿಗೆ ಹೋಗಿ ಅಲ್ಲಿಯ ಒಂದು ಮರದ ಕಾರ್ಖಾನೆಗೆ ಸೇರಿದರು. ಆ ಕಾರ್ಖಾನೆಯ ಯಜಮಾನನಿಗೆ ಬಿಲ್ಲಿನ ಹುಚ್ಚು. ಬೇರೆಯವರು ಸೋಫಾ ಮಾಡುತ್ತಿದ್ದರೆ ಇವರನ್ನು ಹಿಂದಿನ ಕೋಣೆಗೆ ಕರೆದು ಪದರ ಪದರವಾಗಿ ಬಿಲ್ಲು ಅಂಟಿಸುವುದನ್ನು ಕಲಿಸಿದನಂತೆ. ಇವರು ಅಲ್ಲಿಂದ ತಂದದ್ದು ಆ ವಿದ್ಯೆಯನ್ನು. ಬಿಟ್ಟು ಬಂದದ್ದು ಮೂಗನ್ನು. ಹತ್ತು ವರ್ಷ ಥಿನ್ನರ್ ಮತ್ತು ಪಾಲಿಶಿನ ಗಾಳಿ ಕುಡಿದು ಇವರಿಗೆ ವಾಸನೆ ಎಂಬುದೇ ಗೊತ್ತಾಗದಂತಾಗಿತ್ತು. ಮೀನು ಸಾರು ಹಳಸಿದ್ದರೂ ತೆಪ್ಪಗೆ ಉಣ್ಣುತ್ತಿದ್ದರು. "ಪುಣ್ಯವಂತರಪ್ಪ ನೀವು, ನಾನು ಎಂತ ಬಡಿಸಿದರೂ ನಡೆಯುತ್ತದೆ" ಎಂದು ನಾನು ತಮಾಷೆ ಮಾಡುತ್ತಿದ್ದೆ.

ತೊಂಬತ್ತೇಳರಲ್ಲಿ ಊರಿಗೆ ಬಂದವರು ಕಾರ್ಕಳದ ರಸ್ತೆ ಬದಿಯಲ್ಲಿ, ನಮ್ಮ ಮನೆಗೆ ತಾಗಿ, ಒಂದು ಶೆಡ್ ಹಾಕಿದರು. ಹೊಟ್ಟೆಗೆ ಬಾಗಿಲು ಕಿಟಕಿ, ಮನಸ್ಸಿಗೆ ಬಿಲ್ಲು. ನೋಡಿದವರೆಲ್ಲ ನಕ್ಕರು. "ಎಂತ ಶೇಖರಣ್ಣ, ಯಕ್ಷಗಾನ ಮೇಳ ಕಟ್ಟುವ ಅಂದಾಜುಂಟಾ?" ಎಂದು ಬಸ್ಸಿನ ಕಂಡಕ್ಟರ್ ಕೂಡ ಕೇಳುತ್ತಿದ್ದ. ಇವರು ಹಲ್ಲು ಬಿಡುವರು. ಆಮೇಲೆ ಮಣಿಪಾಲದ ಕಾಲೇಜುಗಳಲ್ಲಿ ಓದುವ ಮಲೇಷ್ಯಾದ ಮಕ್ಕಳು, ದೆಹಲಿ ಕಡೆಯ ಮಕ್ಕಳು ಬಸ್ಸು ಹಿಡಿದು ನಮ್ಮ ಶೆಡ್ಡಿಗೆ ಬರಲಾರಂಭಿಸಿದಾಗ ನಕ್ಕವರ ಬಾಯಿ ಮುಚ್ಚಿತು. ಬಿದಿರಿನ ಪಟ್ಟಿ, ಬೈನೆಯ ಪಟ್ಟಿ, ಮತ್ತೆ ಬಿದಿರು, ಹೀಗೆ ಅಂಟಿಸಿ ಅಚ್ಚಿನಲ್ಲಿ ಬಿಗಿದು ಒಣಗಿಸುತ್ತಿದ್ದರು. ಅಚ್ಚಿನಿಂದ ತೆಗೆದ ಬಿಲ್ಲನ್ನು ಮಗುವಿನ ಬೆನ್ನು ಸವರಿದ ಹಾಗೆ ಸವರುವರು. ನನ್ನ ಬೆನ್ನನ್ನು ಹಾಗೆ ಸವರಿದ್ದು ನನಗೆ ನೆನಪಿಲ್ಲ, ಇರಲಿ.

ಕಷ್ಟದ ಕೆಲಸ ಅಂದರೆ ಬಿಲ್ಲಿನ ತುದಿಯದು. ಹೆದೆಯ ಕುಣಿಕೆ ಕೂರುವುದು ಅಲ್ಲಿ. ಬರೀ ಮರವಾದರೆ ಹೆದೆಯ ನೂಲು ಅದನ್ನು ದಿನದಿನವೂ ಕೊಯ್ಯುತ್ತಾ ಹೋಗುತ್ತದೆ. ಹಾಗಾಗಿ ತುದಿಗಳಿಗೆ ಕೋಣದ ಕೊಂಬಿನ ಸಣ್ಣ ತುಂಡು ಅಂಟಿಸಿ, ಕುಣಿಕೆ ಕೂರುವ ಗೀರನ್ನು ಆ ಕೊಂಬಿನಲ್ಲೇ ಕೊರೆಯುವುದು. ಕೊಂಬು ಎದ್ದು ಬಂದರೆ ಕುಣಿಕೆ ಜಾರುತ್ತದೆ. ಪೂರ್ತಿ ಎಳೆದ ಬಿಲ್ಲಿನಿಂದ ಕುಣಿಕೆ ಜಾರಿದರೆ ಬಿಲ್ಲು ಯಾರ ಮಾತನ್ನೂ ಕೇಳುವುದಿಲ್ಲ. ಇದನ್ನು ಇವರು ಶೆಡ್ಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. "ಕೊಂಬಿಗೆ ಜಿಡ್ಡು ಆಗಬಾರದು, ಬೆರಳು ಕೂಡ ಮುಟ್ಟಿಸಬಾರದು" ಎಂದು ಮೋಕ್ಷಾಳಿಗೆ ಎಷ್ಟು ಸಲ ಹೇಳಿದ್ದರೋ. ಅವಳು ಆ ಶೆಡ್ಡಿನ ಮರದ ಹೊಟ್ಟಿನಲ್ಲೇ ಬೆಳೆದವಳು.

ಮೋಕ್ಷಾ ಅಪ್ಪನ ಮಗಳು. ಶಾಲೆಯಿಂದ ಬಂದರೆ ಬಸ್ಸಿಳಿದು ಗೇಟಿನ ಹತ್ತಿರದಿಂದಲೇ "ಅಪ್ಪಾ!" ಎಂದು ಕೂಗುವಳು. ಶೆಡ್ಡಿನಿಂದ ಇವರು "ಓ!" ಎನ್ನುವರು. ಅಮ್ಮ ಎಂಬ ಒಬ್ಬಳು ಒಳಗಿದ್ದಾಳೆಂದು ಅವಳಿಗೆ ನೆನಪಾಗುತ್ತಿದ್ದದ್ದು ಹಸಿವಾದ ಮೇಲೆ. ಶಾಲೆಯಲ್ಲಿ ಆಟ ಕಲಿಸುವ ಆಲಿಸ್ ಟೀಚರ್ ಅವಳ ಕೈಯ ಸ್ಥಿರತೆ ನೋಡಿ, "ಶೇಖರಣ್ಣ, ಇವಳನ್ನು ನನಗೆ ಬಿಡಿ, ಮರದ ಬಿಲ್ಲಿನ ವಿಭಾಗದಲ್ಲಿ ರಾಜ್ಯದ ತಂಡಕ್ಕೆ ಸೇರಿಸುವ ಜವಾಬ್ದಾರಿ ನನ್ನದು" ಎಂದರು. ಆ ದಿನ ಇವರು ಕುಣಿಯದಿದ್ದದ್ದು ಒಂದೇ ಕಡಿಮೆ.

ಇನ್ನು ನನ್ನ ತಮ್ಮ ಕಿಟ್ಟನ ವಿಷಯ. ಅವನಿಗೆ ಓದಲಿಕ್ಕೆ ಬರುವುದಿಲ್ಲ. ಅದೊಂದೇ ಧೈರ್ಯದಿಂದ ನಾನು ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ಶಂಕರಪುರ. ಅಮ್ಮನೂ ನಾನೂ ಮಲ್ಲಿಗೆ ಕಟ್ಟುತ್ತಿದ್ದೆವು, ಕಿಟ್ಟ ಹತ್ತಿರದ ಗುತ್ತಿನ ಮನೆಯಲ್ಲಿ, ಅಂದರೆ ಊರಿನ ದೊಡ್ಡ ಜಮೀನ್ದಾರರಲ್ಲಿ, ಕಂಬಳದ ಕೋಣಗಳನ್ನು ನೋಡಿಕೊಳ್ಳುತ್ತಿದ್ದ. ಮದುವೆಯಾಗಲಿಲ್ಲ. ಕೇಳಿದರೆ, "ನನಗೆ ಚೆನ್ನ ಉಂಟಲ್ಲ ಅಕ್ಕ" ಎನ್ನುವನು. ಚೆನ್ನ ಅಂದರೆ ಅವನು ಕರುವಿನಿಂದ ಸಾಕಿದ ಕೋಣ. ತೆಂಗಿನೆಣ್ಣೆಗೆ ಬೆಳ್ಳುಳ್ಳಿ, ಲಕ್ಕಿ ಸೊಪ್ಪು ಹಾಕಿ ಕುದಿಸಿ ತಾನೇ ಎಣ್ಣೆ ಕಾಯಿಸುವನು. ದಿನಾ ಸಂಜೆ ಚೆನ್ನನ ಮೈಗೆ ತಿಕ್ಕಿ, ಕೊಂಬಿಗೆ ಹಚ್ಚಿ, ತನ್ನ ಮುಂಡಿನ ಅಂಚಿನಲ್ಲೇ ಒರೆಸುವನು. ಕಂಬಳದ ದಿನ ಕರೆಗೆ, ಅಂದರೆ ಕೆಸರಿನ ಓಟದ ಹಾದಿಗೆ, ಇಳಿಸುವ ಮೊದಲಂತೂ ಕೊಂಬಿಗೆ ಎಣ್ಣೆ ಬೀಳಲೇಬೇಕು. ಅವನು ಮನೆಗೆ ಬಂದರೆ ಅಂಗಳದಲ್ಲಿ ಹರಡಿದ ಮಲ್ಲಿಗೆಯ ಪರಿಮಳವನ್ನೂ ಹಿಂದೆ ಹಾಕಿ ಆ ಎಣ್ಣೆಯ ವಾಸನೆ ಮೊದಲು ಬರುತ್ತಿತ್ತು.

ಚೆನ್ನ ಹಾವು ಕಚ್ಚಿ ಸತ್ತಿತು. ಗುತ್ತಿನವರು ಮನುಷ್ಯರಿಗೆ ಮಾಡಿದ ಹಾಗೆ ಹೊಸ ಬಟ್ಟೆ ಹೊದೆಸಿ ಗದ್ದೆಯ ಮೂಲೆಯಲ್ಲಿ ಹುಗಿದರು. ಕಿಟ್ಟ ಯಜಮಾನರ ಕಾಲು ಹಿಡಿದು, ಅತ್ತು, ಕೊಂಬುಗಳನ್ನು ಮಾತ್ರ ಕೇಳಿ ಪಡೆದುಕೊಂಡ. ಮಾರನೆಯ ದಿನ ಅವನು ಬಾವಿಕಟ್ಟೆ ಹತ್ತಿ ಕಾಲು ಒಳಗೆ ಇಳಿಬಿಟ್ಟು ಕೂತದ್ದನ್ನು ಕಂಡು ಅಮ್ಮ ಬೊಬ್ಬೆ ಹಾಕಿದಳು. ನಾವು ಆ ದಿನ ಅಲ್ಲೇ ಇದ್ದೆವು. ಹಿಂದಿನಿಂದ ಹೋಗಿ ಸೊಂಟ ಹಿಡಿದು ಎಳೆದು ಹಾಕಿದ್ದು ನನ್ನ ಗಂಡ. "ಬಿಡಿ ಭಾವ, ನನಗೆ ಯಾರುಂಟು?" ಎಂದು ಕಿಟ್ಟ ಒದ್ದಾಡಿದ. "ಮೋಕ್ಷಾ ಇಲ್ವಾ? ಸೋದರಮಾವ ಇಲ್ಲದೆ ಅವಳ ಮದುವೆಗೆ ಎಣ್ಣೆ ಹಚ್ಚುವವರು ಯಾರು?" ಎಂದು ಇವರು ಅವನನ್ನು ತಬ್ಬಿಕೊಂಡೇ ಕೂತರು. ಆಮೇಲೆ ಕಿಟ್ಟ ಬದುಕಿದ್ದು ಮೋಕ್ಷಾಳಿಗಾಗಿ ಎಂದು ಹೇಳಿದರೆ ಸುಳ್ಳಲ್ಲ. ಕೊಂಬುಗಳನ್ನು ಮಾಡಿನ ಕೆಳಗೆ ತೂಗುಹಾಕಿ ಸಂಜೆ ಸಂಜೆ ಅವಕ್ಕೂ ಎಣ್ಣೆ ಹಚ್ಚುತ್ತಿದ್ದ.

ಮೋಕ್ಷಾಳಿಗೆ ಹದಿನೈದು ತುಂಬಿದ ವರ್ಷ, ರಾಜ್ಯದ ತಂಡಕ್ಕೆ ಆಯ್ಕೆ ಉಡುಪಿಯ ಅಜ್ಜರಕಾಡು ಮೈದಾನದಲ್ಲಿ ಎಂದಾಯಿತು. ಇವರು ಅವಳಿಗಾಗಿ ಹೊಸ ಬಿಲ್ಲು ಅಂಟಿಸಿದರು. ಸುದ್ದಿ ಕೇಳಿ ಕಿಟ್ಟ ಒಂದು ಕೊಂಬನ್ನು ಟವೆಲಿನಲ್ಲಿ ಸುತ್ತಿ ತಂದ.

"ಭಾವ, ಮಗುವಿನ ಬಿಲ್ಲಿಗೆ ಚೆನ್ನನನ್ನು ಹಾಕಿ. ಅವನು ಓಡಿದಲ್ಲೆಲ್ಲ ಗೆದ್ದವ."

ಇವರು ಬೇಡ ಎನ್ನಲಿಲ್ಲ. ಆದರೆ ಕೊಂಬು ಎಣ್ಣೆ ಕುಡಿದಿದೆ ಎಂದು ಇವರಿಗೆ ಗೊತ್ತಿತ್ತು. ಮೂಗು ಹೋಗಿದ್ದರೂ ಕಣ್ಣಿತ್ತಲ್ಲ. ಮೇಲಿನ ಪದರವನ್ನೆಲ್ಲ ಕೆತ್ತಿ ತೆಗೆದು, ಒಳಗಿನ ಗಟ್ಟಿ ಭಾಗದಿಂದ ಮಾತ್ರ ತುಂಡುಗಳನ್ನು ಕೊಯ್ದರು. ನೀರಿನಲ್ಲಿ ಕುದಿಸಿ, ನೀರು ಚೆಲ್ಲಿ, ಮತ್ತೆ ಕುದಿಸಿದರು. ಅರದಲ್ಲಿ ಉಜ್ಜುವಾಗ ಕೂದಲು ಸುಟ್ಟ ವಾಸನೆಗೆ ನಾನು ಸೆರಗು ಮುಚ್ಚಿಕೊಂಡು ಓಡಿದರೆ ಇವರಿಗೆ ಪರಿವೆಯೇ ಇಲ್ಲ. ಮರಳು ಕಾಗದದಲ್ಲಿ ತಿಕ್ಕಿ, ಥಿನ್ನರಿನಲ್ಲಿ ಒರೆಸಿ, ಕಿಟಕಿಯ ಹತ್ತಿರ ಬಿಳಿ ಬಟ್ಟೆಯ ಮೇಲೆ ಒಣಗಲಿಕ್ಕಿಟ್ಟು, "ಯಾರೂ ಮುಟ್ಟಬೇಡಿ" ಎಂದು ಹೇಳಿ ಅಂಟು ತರಲಿಕ್ಕೆ ಉಡುಪಿಗೆ ಹೋದರು.

ಆ ಸಂಜೆ ಕಿಟ್ಟ ಬಂದಿದ್ದ. ನಾನು ಒಲೆಯ ಮುಂದೆ ಇದ್ದೆ. "ಭಾವ ಇಲ್ವಾ ಅಕ್ಕ? ಆಗಲಿ, ಚೆನ್ನನನ್ನು ಒಮ್ಮೆ ನೋಡಿ ಹೋಗ್ತೇನೆ" ಎಂದು ಶೆಡ್ಡಿನೊಳಗೆ ಹೋಗಿ ಸ್ವಲ್ಪ ಹೊತ್ತು ಇದ್ದು ಬಂದ. ಚಹಾ ಕುಡಿದ, ಹೋದ. ನೋಡುವುದಕ್ಕೆ ಯಾರು ತಾನೆ ಬೇಡ ಎನ್ನುತ್ತಾರೆ?

ಬೆಳಿಗ್ಗೆ ಇವರು ಇನ್ನೊಮ್ಮೆ ಥಿನ್ನರಿನಲ್ಲಿ ಒರೆಸಿಯೇ ಅಂಟಿಸಿದರು. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದರು. ಒಣಗಿದ ಮೇಲೆ ಸಪೂರದ ಅರದಲ್ಲಿ ಗೀರು ಕೊರೆದು, ಹೆದೆ ಏರಿಸಿ, ತಾವೇ ಎಳೆದೆಳೆದು ನೋಡಿದರು. ಮೋಕ್ಷಾ ವಾರವಿಡೀ ಅದೇ ಬಿಲ್ಲಿನಲ್ಲಿ ಅಭ್ಯಾಸ ಮಾಡಿದಳು. ಕರಿ ಕೊಂಬಿನ ತುದಿ ಎಷ್ಟು ಚಂದ ಕಾಣುತ್ತಿತ್ತೆಂದರೆ, ದೃಷ್ಟಿ ತಾಗೀತೆಂದು ನಾನು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದೆ. ಹೌದು, ಮೆಣಸು! ಎಂತ ಪ್ರಯೋಜನ?

ಅಜ್ಜರಕಾಡಿಗೆ ನಾವೆಲ್ಲ ಹೋಗಿದ್ದೆವು. ಕಿಟ್ಟ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಮೊದಲ ಸುತ್ತಿನಲ್ಲಿ ಮೋಕ್ಷಾ ಎಲ್ಲರಿಗಿಂತ ಮುಂದೆ. ಎರಡನೆಯ ಸುತ್ತಿನ ಹೊತ್ತಿಗೆ ಬಿಸಿಲು ಏರಿತ್ತು. ಅವಳು ಬಿಲ್ಲನ್ನು ಪೂರ್ತಿ ಎಳೆದು ಬಲಗಣ್ಣಿನಲ್ಲಿ ಗುರಿ ಹಿಡಿದು ನಿಂತಿದ್ದಳು. ಟಪ್ ಎಂದು ಒಂದು ಸದ್ದು. ಹಿಂದೆಯೇ ಮರ ಸೀಳಿದ ಸದ್ದು. ಬಿಲ್ಲಿನ ಮೇಲಿನ ಅರ್ಧ ಸಿಡಿದು ಅವಳು ಮುಖ ಹಿಡಿದುಕೊಂಡು ಕೂತಳು. ಬೆರಳುಗಳ ಸಂದಿನಲ್ಲಿ ರಕ್ತ ಬರುತ್ತಿತ್ತು. "ಅಪ್ಪಾ" ಎಂದು ಒಮ್ಮೆ ಕೂಗಿದಳು. ಇವರು ಓಡಿದರು. ಇವರು ಕೇಳುವ ಕೊನೆಯ ಕೂಗು ಅದೇ ಎಂದು ನನಗೆ ಆಗ ಹೇಗೆ ಗೊತ್ತಾಗಬೇಕು?

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರುಗಳು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಬಲಗಣ್ಣು ಹೋಯಿತು. ಸಿಬಿರು ಅಷ್ಟು ಆಳಕ್ಕೆ ಇಳಿದಿತ್ತು. ವಾರ್ಡಿನ ಬಾಗಿಲಲ್ಲೇ ಕಿಟ್ಟ ನನ್ನ ಗಂಡನ ಅಂಗಿ ಹಿಡಿದು ಅಲ್ಲಾಡಿಸಿದ.

"ನಿಮ್ಮನ್ನು ನಂಬಿ ಚೆನ್ನನನ್ನು ಕೊಟ್ಟೆನಲ್ಲ ಭಾವ! ಎರಡು ತುಂಡು ಸರಿಯಾಗಿ ಅಂಟಿಸಲಿಕ್ಕೆ ಆಗ್ಲಿಲ್ವಾ ನಿಮಗೆ? ಮಗುವಿನ ಕಣ್ಣು ತೆಗೆದಿರಲ್ಲ!"

"ತಪ್ಪಾಯ್ತು ಭಾವ" ಎಂದರು ಇವರು. ತಪ್ಪು ತಮ್ಮದೇ ಎಂದು ಆ ಹೊತ್ತಿಗೆ ನಂಬಿಯೂ ಇದ್ದರು. ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಮೋಕ್ಷಾ ಎಲ್ಲವನ್ನೂ ಕೇಳಿಸಿಕೊಂಡಳು. ಇವರು ಹತ್ತಿರ ಹೋದಾಗ ಗೋಡೆಯ ಕಡೆಗೆ ತಿರುಗಿದಳು.

ಬಟ್ಟೆಬರೆ ತರಲಿಕ್ಕೆ ನಾವಿಬ್ಬರೂ ಮನೆಗೆ ಬಂದಾಗ ಇವರು ಶೆಡ್ಡಿಗೆ ಹೋಗಿ ಜೇಬಿನಿಂದ ಕೊಂಬಿನ ತುಂಡು ತೆಗೆದರು. ಆಲಿಸ್ ಟೀಚರ್ ಹುಲ್ಲಿನಲ್ಲಿ ಹುಡುಕಿ ಕೊಟ್ಟದ್ದು. ತಿರುಗಿಸಿ ತಿರುಗಿಸಿ ನೋಡಿದರು.

"ವಿನೋದಾ, ನೋಡು. ಅಂಟು ಹಿಡಿದಿದ್ದರೆ ಮರದ ಎಳೆಯಾದರೂ ಇದಕ್ಕೆ ಕಚ್ಚಿಕೊಂಡು ಬರಬೇಕಿತ್ತು. ಒಂದು ಎಳೆಯೂ ಇಲ್ಲ. ಇದನ್ನು ಮೂಸಿ ನೋಡು."

"ಎಂತಕ್ಕೆ?"

"ನನಗೆ ಗೊತ್ತಾಗುವುದಿಲ್ಲ, ನೀನು ಮೂಸು."

ಮೂಸಿದೆ. ಬೆಳ್ಳುಳ್ಳಿ, ಲಕ್ಕಿ ಸೊಪ್ಪು. ಅಂಟು ಹಚ್ಚಿದ ಬದಿಯಿಂದಲೇ ಬರುತ್ತಿತ್ತು. ಹುಟ್ಟಿದ ಮನೆಯ ವಾಸನೆ ನನಗೆ ಗೊತ್ತಾಗದಿರುತ್ತದಾ? "ಇದು ಕಿಟ್ಟನ ಎಣ್ಣೆ" ಎಂದೆ. ಆ ಸಂಜೆ ಅವನು ಬಂದದ್ದು, ಶೆಡ್ಡಿಗೆ ಹೋದದ್ದು ಎಲ್ಲ ಹೇಳಿದೆ. ಒಣಗಿದ ಕೊಂಬು ರಾತ್ರಿಯಿಡೀ ಎಣ್ಣೆ ಕುಡಿದಿದೆ. ಅವನು ಹಚ್ಚಿ, ಅಭ್ಯಾಸದ ಹಾಗೆ ಮುಂಡಿನಲ್ಲಿ ಒರೆಸಿಟ್ಟದ್ದರಿಂದ ಮೇಲೆ ಏನೂ ಕಂಡಿಲ್ಲ. ಬೆಳಿಗ್ಗೆಯ ಒರೆಸಾಟ ಒಳಗಿನದನ್ನು ಎಲ್ಲಿಂದ ತೆಗೆಯಬೇಕು? ಕೋಣವನ್ನು ಓಟಕ್ಕೆ ಕಳಿಸುವವನು ಕೊಂಬಿಗೆ ಎಣ್ಣೆ ಹಚ್ಚಿದ್ದಾನೆ, ಅಷ್ಟೇ. ಪ್ರೀತಿಯಿಂದ ಹಚ್ಚಿದ್ದಾನೆ. ಅಯ್ಯೋ ದೇವರೇ, ಎಂತಹ ಪ್ರೀತಿಯಪ್ಪ ಅದು!

"ಈಗಲೇ ಶಂಕರಪುರಕ್ಕೆ ಹೋಗ್ತೇನೆ. ಎಲ್ಲರ ಎದುರು ನಿಮ್ಮ ಅಂಗಿ ಹಿಡಿದನಲ್ಲ, ನಾನೂ ಎಲ್ಲರ ಎದುರೇ ಕೇಳ್ತೇನೆ" ಎಂದು ಎದ್ದೆ.

ಇವರು ಬಾಗಿಲಿಗೆ ಅಡ್ಡ ನಿಂತರು. "ಕೋಣ ಸತ್ತದ್ದಕ್ಕೇ ಬಾವಿಕಟ್ಟೆ ಹತ್ತಿದವ ಅವನು. ಮಗುವಿನ ಕಣ್ಣು ತನ್ನ ಕೈಯಿಂದ ಹೋಯಿತು ಅಂತ ಗೊತ್ತಾದರೆ ಉಳಿಯುತ್ತಾನಾ? ನೀನೇ ಹೇಳು."

"ಮೋಕ್ಷಾಳಿಗಾದರೂ ಹೇಳುವ."

"ಅವಳು ಚಿಕ್ಕವಳು ಮಾರಾಯ್ತಿ. ಮಾವನ ಮುಖ ಕಂಡ ಕೂಡಲೇ ಬಾಯಿ ಬಿಟ್ಟುಬಿಡ್ತಾಳೆ. ನನ್ನ ಮೇಲಿನ ಸಿಟ್ಟು ಇವತ್ತಲ್ಲ ನಾಳೆ ಇಳಿಯುತ್ತದೆ."

ಆಸ್ಪತ್ರೆಗೆ ಹಿಂದಿರುಗಿದ ಮೇಲೆ, ನಿದ್ದೆಯಲ್ಲಿದ್ದ ಮಗಳ ತಲೆ ಮುಟ್ಟಿಸಿ, ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ ಎಂದು ನನ್ನಿಂದ ಆಣೆ ಹಾಕಿಸಿಕೊಂಡರು. ಮಗಳ ತಲೆ ಮುಟ್ಟಿ ಆಣೆ ಹಾಕಿದ ತಾಯಿ ಅದನ್ನು ಹೇಗೆ ಮುರಿಯಬೇಕು? ಬೇರೆ ಯಾವ ಆಣೆಯಾದರೂ ಆಗಿದ್ದರೆ ಮೂರೇ ದಿನಕ್ಕೆ ಮುರಿದು ಬಿಸಾಡುತ್ತಿದ್ದೆ.

ಸಿಟ್ಟು ಇಳಿಯಲಿಲ್ಲ. ಮೋಕ್ಷಾ ಜಗಳ ಮಾಡಿದ್ದರೆ, ಬೈದಿದ್ದರೆ ಇವರಿಗೆ ಸಮಾಧಾನವಾದರೂ ಆಗುತ್ತಿತ್ತು. ಅವಳು ಬಸ್ಸಿಳಿದು ಸದ್ದಿಲ್ಲದೆ ಗೇಟು ತೆರೆದು ಸೀದಾ ಒಳಗೆ ಬರತೊಡಗಿದಳು. ಇವರು ಮಾತ್ರ ಆ ಬಸ್ಸಿನ ಹೊತ್ತಿಗೆ ಶೆಡ್ಡಿನಲ್ಲಿ ಉಳಿ, ಕೊಡತಿ ಕೆಳಗಿಟ್ಟು ಕಿವಿಗೊಟ್ಟು ಕೂರುವರು. ಎಂತಾದರೂ ಬೇಕಾದರೆ, "ಅವರಿಗೆ ಹೇಳಮ್ಮ" ಎಂದು ನನ್ನ ಮೂಲಕ ಹೇಳಿಸುವಳು. ಅಪ್ಪ ಎಂಬವರು 'ಅವರು' ಆದರು. ಅದನ್ನು ಮೊದಲ ಸಲ ಕೇಳಿದ ದಿನ ಇವರು ತಟ್ಟೆಯಲ್ಲಿದ್ದ ಅನ್ನವನ್ನು ಹಾಗೇ ಬಿಟ್ಟೆದ್ದರು.

ಬಿಲ್ಲಿನ ಕೆಲಸ ಅಲ್ಲಿಗೇ ನಿಂತಿತು. "ಕ್ಷಮಿಸಿ ಶೇಖರಣ್ಣ, ನಿಮ್ಮ ಬಿಲ್ಲು ಮಕ್ಕಳ ಕೈಗೆ ಕೊಡಲಿಕ್ಕೆ ನನಗೆ ಧೈರ್ಯ ಬರುವುದಿಲ್ಲ" ಎಂದು ಆಲಿಸ್ ಟೀಚರ್ ಮನೆಗೇ ಬಂದು ಹೇಳಿದರು, ಹೇಳುತ್ತಾ ಅತ್ತರು. ಮಣಿಪಾಲದ ಮಕ್ಕಳೂ ಬರುವುದನ್ನು ಬಿಟ್ಟರು. ಅಚ್ಚುಗಳನ್ನು ಇವರು ತಾವೇ ಕಡಿದು ಬಚ್ಚಲ ಒಲೆಗೆ ಹಾಕಿದರು. ಆಮೇಲೆ ಹಾಸ್ಟೆಲುಗಳಿಗೆ ಮಂಚ, ಕಪಾಟು. ಬಿದಿರು ಕಂಡರೆ ಮುಖ ತಿರುಗಿಸುವರು.

ಕಿಟ್ಟ ಮಾತ್ರ ವಾರವಾರ ಬರುತ್ತಿದ್ದ, ಮೋಕ್ಷಾಳಿಗೆ ಬಿಸಿ ಬನ್ಸ್ ಕಟ್ಟಿಸಿಕೊಂಡು. ಶೆಡ್ಡಿಗೆ ಬೆನ್ನು ಹಾಕಿ ಜಗಲಿಯಲ್ಲಿ ಕೂರುವನು. "ಭಾವ ಚಹಾ ಕುಡಿದ್ರಾ?" ಎಂದು ಇವರೇ ಬಂದು ಕೇಳಿದರೂ ಉತ್ತರ ಕೊಡುತ್ತಿರಲಿಲ್ಲ. ಆ ಲೋಟವನ್ನು ಅವನ ತಲೆಗೆ ಹೊಯ್ಯಬೇಕು ಅನಿಸಿದ್ದು ಒಂದೆರಡು ಸಲ ಅಲ್ಲ. ನನ್ನ ತಮ್ಮ, ನಾನು ಎತ್ತಿ ಆಡಿಸಿದವನು. ಅವನ ಮೇಲೆ ಅಷ್ಟು ವಿಷ ನನ್ನೊಳಗೆ ತುಂಬಿತ್ತು. ಅವನು ಎದ್ದು ಹೋದ ಮೇಲೆ ಇವರು, "ಕಿಟ್ಟ ಸ್ವಲ್ಪ ದಪ್ಪ ಆಗಿದ್ದಾನೆ ಅಲ್ವಾ?" ಎಂದು ಸಮಾಧಾನದಿಂದ ಹೇಳುವರು. ಇಂಥ ಮನುಷ್ಯನ ಜೊತೆ ಸಂಸಾರ ಮಾಡುವುದು ಸುಲಭ ಎಂದುಕೊಂಡಿದ್ದೀರಾ?

ಮರದ ಹುಡಿ ಪುಪ್ಪುಸಕ್ಕೆ ಇಳಿದಿತ್ತು. ಎರಡು ಸಾವಿರದ ಆರರ ಮಳೆಗಾಲದಲ್ಲಿ ಹಾಸಿಗೆ ಹಿಡಿದರು. ಆಗ ಮೋಕ್ಷಾ ಮಣಿಪಾಲದ ಝೆರಾಕ್ಸ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಬಂದು ಗಂಜಿ ಕುಡಿಸುವಳು, ಬೆನ್ನು ಒರೆಸುವಳು, ಯಾವುದಕ್ಕೂ ಅಸಹ್ಯ ಪಡಲಿಲ್ಲ. ಆದರೆ ಆ ಒಂದು ಶಬ್ದ ಬಾಯಿಂದ ಹೊರಡಲಿಲ್ಲ. ಇವರು ಅವಳ ತುಟಿಯನ್ನೇ ನೋಡುವರು. ನಾನು ಇವರ ಕಾಲು ಹಿಡಿದು ಕೇಳಿದೆ, "ಈಗಲಾದರೂ ಆಣೆ ಬಿಡಿಸಿ. ನಿಮಗೆ ಕೈ ಮುಗೀತೇನೆ." ಅಡ್ಡಡ್ಡ ತಲೆಯಾಡಿಸಿದರು. "ಕಿಟ್ಟ ಇರುವವರೆಗೆ ಬೇಡ" ಎಂದರು.

ತೀರಿಹೋದ ದಿನ ಸಂಜೆ ಮಗಳು ಚಮಚ ಹಿಡಿದಾಗ, "ಬಿಸಿ ಉಂಟಾ?" ಎಂದು ಕೇಳಿದರು.

"ಇಲ್ಲ. ತಣಿದಿದೆ" ಎಂದಳು. ಅಪ್ಪನಿಗೂ ಮಗಳಿಗೂ ಆದ ಕೊನೆಯ ಮಾತು ಅದು.

ಮೂರು ವರ್ಷ ಕಳೆದು ಮೋಕ್ಷಾಳಿಗೆ ಕಾಪುವಿನ ಒಂದು ಒಳ್ಳೆಯ ಸಂಬಂಧ ಕೂಡಿಬಂತು. ಹುಡುಗ ಅವಳ ಕಣ್ಣಿನ ವಿಷಯ ಎತ್ತಲೇ ಇಲ್ಲ. ಮದುವೆಯ ಬೆಳಿಗ್ಗೆ ಅವಳನ್ನು ಮಣೆಯ ಮೇಲೆ ಕೂರಿಸಿ, ಮೊದಲ ಎಣ್ಣೆ ಹಚ್ಚಲಿಕ್ಕೆ ಸೋದರಮಾವನನ್ನು ಕರೆದರು. ಕಿಟ್ಟ ಬಟ್ಟಲು ಹಿಡಿದು ಬಂದ. ಅಂಗಡಿಯ ಎಣ್ಣೆ ಅಲ್ಲ, ತಾನೇ ಕಾಯಿಸಿದ್ದು. ಬೆಳ್ಳುಳ್ಳಿ, ಲಕ್ಕಿ ಸೊಪ್ಪಿನ ಅದೇ ವಾಸನೆ. ಅವನು ಬೆರಳು ಅದ್ದಿ ಅವಳ ನೆತ್ತಿಗೆ ಇಟ್ಟ.

"ಮಾವ, ಇದು ಚೆನ್ನನ ಎಣ್ಣೆ ಅಲ್ವಾ?" ಎಂದು ಮೋಕ್ಷಾ ನಕ್ಕಳು.

"ನೆನಪುಂಟಾ ಮಗಾ ನಿನಗೆ!" ಕಿಟ್ಟನ ಮುಖ ಅರಳಿತು. "ಅವನು ಹೋದ ಮೇಲೆ ಈ ಎಣ್ಣೆಯನ್ನು ನಿನಗಲ್ಲದೆ ಯಾರಿಗೂ ಹಚ್ಚಲಿಲ್ಲ. ಅಂದು ನಿನ್ನ ಬಿಲ್ಲಿಗೆ ಹಾಕುವ ಮೊದಲು ಆ ತುಂಡುಗಳಿಗೂ ಹಚ್ಚಿ, ಒರೆಸಿ, ಕೈ ಮುಗಿದೇ ಬಂದಿದ್ದೆ. ಎಣ್ಣೆ ಹಚ್ಚದೆ ಚೆನ್ನನನ್ನು ನಾನು ಕರೆಗೆ ಇಳಿಸಿದ್ದುಂಟಾ? ನನ್ನ ಕಡೆಯಿಂದ ಎಂತದೂ ಕಡಿಮೆ ಮಾಡಲಿಲ್ಲ. ನಿನ್ನ ಅಪ್ಪನ ಅಂಟು ಕೈಕೊಟ್ಟಿತು, ನಿನ್ನ ಹಣೆಬರಹ."

ಮೋಕ್ಷಾಳ ನಗು ಅಲ್ಲೇ ನಿಂತಿತು. ಕೊಂಬಿಗೆ ಬೆರಳು ಕೂಡ ಮುಟ್ಟಿಸಬಾರದು ಎಂಬ ಪಾಠ ಕೇಳಿಯೇ ಬೆಳೆದವಳಲ್ಲವೇ? ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿದಳು. ನೋಡಿದ್ದು ಪ್ರಶ್ನೆ ಎಂದು ನನಗೆ ಗೊತ್ತಾಯಿತು. ಅಪ್ಪನಿಗೆ ಗೊತ್ತಿತ್ತಾ? ಆಣೆ ಇದ್ದದ್ದು ಬಾಯಿಗೆ. ನಾನು ತಲೆಯಾಡಿಸಿದೆ. ಹೌದು, ಗೊತ್ತಿತ್ತು.

ಕಿಟ್ಟ ಬಟ್ಟಲು ಹಿಡಿದು ನಗುತ್ತಾ ನಿಂತೇ ಇದ್ದ. ಈಗ ಇವಳು ಬಾಯಿ ಬಿಡುತ್ತಾಳೆ, ಬಿಡಲಿ, ಒಮ್ಮೆ ಎಲ್ಲ ಹೊರಗೆ ಬರಲಿ ಎಂದು ನಾನು ಕಾದೆ. ಅವಳು ಅವನ ಕೈ ಹಿಡಿದು ಮತ್ತೆ ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಒಳ್ಳೆಯ ಎಣ್ಣೆ ಮಾವ. ಸರಿಯಾಗಿ ಹಚ್ಚಿ" ಎಂದಳು. ದನಿ ಥೇಟು ಅವಳ ಅಪ್ಪನದೇ.

ಬಚ್ಚಲಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ತಲೆಗೆ ಬಿಸಿನೀರು ಹೊಯ್ಯುತ್ತಿದ್ದ ಹಾಗೆ ಅವಳು ಗೋಡೆಯನ್ನು ಹಿಡಿದುಕೊಂಡು, ಬಸ್ಸಿಳಿದು ಗೇಟಿನಿಂದ ಕೂಗುತ್ತಿದ್ದಳಲ್ಲ, ಅದೇ ಸ್ವರದಲ್ಲಿ "ಅಪ್ಪಾ!" ಎಂದು ಕೂಗಿದಳು. ಇನ್ನೊಮ್ಮೆ ಕೂಗಿದಳು. ಹೊರಗೆ ಕಿಟ್ಟ ಯಾರಿಗೋ ಆ ಎಣ್ಣೆ ಕಾಯಿಸುವ ಕ್ರಮ ವಿವರಿಸುತ್ತಿದ್ದ. ಅವನಿಗೆ ಕೇಳಿಸದಿರಲಿ ಎಂದು ನಾನು ಹಂಡೆಗೆ ಚೆಂಬು ಬಡಿಯುತ್ತಾ ನೀರು ಹೊಯ್ಯುತ್ತಲೇ ಇದ್ದೆ.